ಪುಟ್ಟಲಿಂಗಮ್ಮನ ಬಿಳಿ

ಪುಟ್ಟಲಿಂಗಮ್ಮ ಯಾರನ್ನೂ ನಂಬುವ ಹೆಂಗಸಲ್ಲ. ಹಾಲಿನವನು ಹಾಲು ತಂದರೆ ಅವನೆದುರಿಗೇ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು, ನಿಲ್ಲುತ್ತದೋ ಹರಿಯುತ್ತದೋ ಎಂದು ನೋಡುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರು 'ಹೋಗ್ತದೆ ಹತ್ತಮ್ಮ' ಎಂದ ಮೇಲೂ ಡ್ರೈವರನ್ನು ಇನ್ನೊಂದು ಸಲ ಕೇಳದೆ ಸೀಟಿನಲ್ಲಿ ಕೂರುವುದಿಲ್ಲ. ನಾನು ಟೀ ತಂದುಕೊಟ್ಟರೆ 'ಸಕ್ಕರೆ ಹಾಕ್ಸಿದ್ದೀಯಾ?' ಎಂದು ಕೇಳಿ, ನಾನು ಹೂಂ ಎಂದ ಮೇಲೆ ಒಂದು ಗುಟುಕು ಕುಡಿದು, 'ಊಂ, ಹಾಕ್ಸಿದ್ದೀಯ' ಎಂದು ನನಗೇ ಸರ್ಟಿಫಿಕೇಟು ಕೊಡುತ್ತಾಳೆ. ಇಂಥವಳ ಜೊತೆ ಒಂದೇ ಅಂಗಡಿಯಲ್ಲಿ ಇಷ್ಟು ವರ್ಷ ಹೇಗೆ ಏಗಿದೆ ಎಂದು ನಮ್ಮ ಯಜಮಾನರು ಈಗಲೂ ಕೇಳುತ್ತಾರೆ. ನನಗೇ ಗೊತ್ತಿಲ್ಲ, ಅವರಿಗೇನು ಹೇಳಲಿ!

ನನ್ನ ಹೆಸರು ಮಂಜುಳಮ್ಮ. ಅಶೋಕಪುರಂನ ಒಂದು ಅಡ್ಡರಸ್ತೆಯಲ್ಲಿ ಪುಟ್ಟಲಿಂಗಮ್ಮನದು ಬ್ಲೌಸ್ ಪೀಸಿನ ಮ್ಯಾಚಿಂಗ್ ಸೆಂಟರ್. ಒಳಗಿನ ಬಟ್ಟೆಯೆಲ್ಲ ಅವಳದು, ಬಾಗಿಲ ಪಕ್ಕದ ಹೊಲಿಗೆ ಮಿಷನ್ನು ನನ್ನದು. ಹೆಂಗಸರು ಸೀರೆ ತರುತ್ತಾರೆ, ಅವಳು ಬಣ್ಣಕ್ಕೆ ಬಣ್ಣ ಹೊಂದಿಸಿ ಪೀಸು ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಅದಕ್ಕೆ ಪುಟ್ಟಕ್ಕ ಎನ್ನುತ್ತೇನೆ. ಜಗಳ ಬಂದಾಗಲೂ ಪುಟ್ಟಕ್ಕ ಎಂದೇ ಬೈಯುತ್ತೇನೆ.

ಅವಳ ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ. ಅವಳ ಗಂಡ ಸಣ್ಣಮಾದಯ್ಯ ಒಂದು ಬ್ಯಾಟರಿ ಅಂಗಡಿಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸಕ್ಕಿದ್ದ. ಹೊಟ್ಟೆ ಹಿಂಡುತ್ತದೆ, ಕೈ ಎತ್ತಲು ಆಗುವುದಿಲ್ಲ ಎಂದಾಗೆಲ್ಲ ಧಣಿ 'ಏನೂ ಆಗಲ್ಲ ಬುಡು, ಬೆಲ್ಲ ತಿನ್ನು, ಬಾಳೆಹಣ್ಣು ತಿನ್ನು' ಎನ್ನುತ್ತಿದ್ದನಂತೆ. ಇವಳು ನಂಬಿ ಬೆಲ್ಲ ತಿನ್ನಿಸಿದಳು. ರಕ್ತದಲ್ಲಿ ಸೀಸ ಸೇರಿದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕೈ ಮೀರಿತ್ತು. ಅಂದಿನಿಂದ ಯಾರಾದರೂ 'ಏನೂ ಆಗಲ್ಲ' ಎಂದರೆ ಸಾಕು, ಅವಳಿಗೆ ಮೈಯೆಲ್ಲ ಉರಿದುಹೋಗುತ್ತದೆ. ಆಮೇಲೆ ಅವಳು ನಂಬಿದ್ದು ತನ್ನ ಕಣ್ಣನ್ನು ಮಾತ್ರ.

ಆ ಕಣ್ಣೂ ನಂಬುವಂಥದ್ದೇ ಆಗಿತ್ತು, ಸುಳ್ಳು ಹೇಳಬಾರದು. ನಮ್ಮ ಕಡೆ ಬಿಳಿಗೆ ಬಹಳ ಗೌರವ. ಬೌದ್ಧ ಪದ್ಧತಿಯ ಮದುವೆಯಲ್ಲಿ ಹೆಣ್ಣು ಬಿಳಿ ಸೀರೆ ಉಡುತ್ತಾಳೆ, ಬುದ್ಧ ಪೂರ್ಣಿಮೆಗೆ ಮನೆಮಂದಿಯೆಲ್ಲ ಬಿಳಿ. ಬಿಳಿ ಎಂದರೆ ಒಂದೇ ಬಣ್ಣ ಎಂದುಕೊಂಡವರು ನಮ್ಮ ಅಂಗಡಿಗೆ ಬಂದು ನೋಡಬೇಕು. ಹಾಲು ಬಿಳಿ, ಕೆನೆ ಬಿಳಿ, ಮಲ್ಲಿಗೆ ಬಿಳಿ, ನೀಲಿ ಅದ್ದಿದ ಬಿಳಿ ಎಲ್ಲ ಬೇರೆ ಬೇರೆ. ಕೆನೆ ಬಿಳಿ ಸೀರೆಗೆ ನೀಲಿ ಅದ್ದಿದ ಬಿಳಿಯ ಬ್ಲೌಸು ಹಾಕಿದರೆ ಸೀರೆ ಹಳೆಯದಾಗಿ ಕಾಣುತ್ತದೆ. ಪುಟ್ಟಕ್ಕ ಎಡಗಣ್ಣು ಗಟ್ಟಿಯಾಗಿ ಮುಚ್ಚಿ, ಪೀಸನ್ನು ಬಲಗಣ್ಣಿನ ಹತ್ತಿರ ಹಿಡಿದು, ಒಂದೇ ನೋಟಕ್ಕೆ ಹೇಳಿಬಿಡುವಳು. ಯಾವಾಗಲೂ ಅದೇ ಪದ್ಧತಿ. 'ಎರಡು ಕಣ್ಣು ಬುಟ್ರೆ ಎರಡು ಮಾತು ಹೇಳ್ತವೆ ಕಣೇ, ಒಂದೇ ಸಾಕು' ಎನ್ನುವಳು. ಬೋಗಾದಿಯಿಂದ ಬಸ್ಸು ಹತ್ತಿ ಬಿಳಿ ಪೀಸಿಗಾಗಿ ಇಲ್ಲಿಗೆ ಬರುವವರಿದ್ದರು.

ಕಳೆದ ವರ್ಷ ಒಂದೊಂದೇ ಪೀಸು ವಾಪಸು ಬರತೊಡಗಿತು. 'ಹೊಂದಿಲ್ಲ ಕಣಮ್ಮ' ಎಂದು ಗಿರಾಕಿ ಹೇಳಿದರೆ ಪುಟ್ಟಕ್ಕ ಮೊದಲು ಗಿರಾಕಿಯ ಮೇಲೆ ಅನುಮಾನಪಟ್ಟಳು, ಎಲ್ಲೋ ಉಟ್ಟು ತೆಗೆದು ತಂದಿದ್ದಾಳೆ ಎಂದು. ಆಮೇಲೆ ಬಣ್ಣ ಹಾಕುವವರ ಮೇಲೆ. ಆಮೇಲೆ ಎದುರಿಗೆ ಎದ್ದ ಮೂರಂತಸ್ತಿನ ಕಟ್ಟಡದ ಮೇಲೆ, ನಮ್ಮ ಬಿಸಿಲನ್ನು ಅದು ತಿನ್ನುತ್ತದೆ ಎಂದು. ಕಡೆಗೆ ಅಂಗಡಿಗೆ ಹೊಸದಾಗಿ ಹಾಕಿಸಿದ ಎಲ್‌ಇಡಿ ಟ್ಯೂಬಿನ ಮೇಲೆ. 'ಈ ಲೈಟು ಸುಳ್ಳು ಹೇಳ್ತದೆ ಮಂಜುಳ' ಎಂದು ದಿನವೂ ಅದನ್ನು ನೋಡಿ ಶಪಿಸುವಳು. ಟ್ಯೂಬು ಪಾಪ ತನ್ನ ಪಾಡಿಗೆ ಉರಿಯುತ್ತಿತ್ತು.

ಆಗ ಮಾದೇವಮ್ಮನ ಮಗಳು ಅನುಪಮಾಳ ಮದುವೆ ಬಂತು. ಮಾದೇವಮ್ಮ ನಮ್ಮ ಹಿಂದಿನ ಬೀದಿಯವಳು, ದೊಡ್ಡ ಬಾಯಿ, ದೊಡ್ಡ ಮನಸ್ಸು. ಮದುಮಗಳಿಗೂ ಅಕ್ಕತಂಗಿಯರಿಗೂ ಕೆನೆ ಬಿಳಿ ಸೀರೆ ತಂದು ತೋರಿಸಿದಳು, ಪುಟ್ಟಕ್ಕ ಪೀಸು ಹೊಂದಿಸಿದಳು, ಮಾದೇವಮ್ಮ ಸೀರೆ ಎತ್ತಿಕೊಂಡು ಹೋದಳು. ಹೊಲಿಯಲು ಕೂತ ನನಗೆ ಬಟ್ಟೆ ಯಾಕೋ ನೀಲಿ ಹೊಡೆಯುತ್ತಿದೆ ಅನಿಸಿತು. 'ಪುಟ್ಟಕ್ಕ, ಇದು ಒಂಚೂರು ನೀಲಿ ಅಲ್ವಾ?' ಎಂದೆ. 'ನಿನ್ ಕೆಲಸ ಹೊಲಿಯೋದು. ಹೊಲಿ' ಎಂದಳು. ಹೊಲಿದೆ.

ಮದುವೆಯಾಗಿ ಫೋಟೋಗಳು ಬಂದ ದಿನ ಮಾದೇವಮ್ಮ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು. 'ನನ್ ಮಗಳು ಮಂಟಪದಲ್ಲಿ ಹಳೇ ಸೀರೆ ಉಟ್ಟಂಗೆ ಕಾಣ್ತಾಳಲ್ಲಮ್ಮ! ಬೀಗರು ನಕ್ಕರು ಕಣಮ್ಮ! ಇದೇನಾ ನಿನ್ ಮ್ಯಾಚಿಂಗು?'

ಪುಟ್ಟಕ್ಕ ಫೋಟೋವನ್ನು ಬಲಗಣ್ಣಿಗೆ ಹಿಡಿದು ನೋಡಿದಳು, ಕೆಳಗಿಟ್ಟಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

'ನಾನು ಕೊಟ್ಟಿದ್ದು ಸರಿಯಾಗೇ ಕೊಟ್ಟೆ. ಹೊಲಿಯೋಕೆ ಹೋದ್ಮೇಲೆ ಏನಾಯ್ತೋ. ನೀಲಿ ಅಂತ ಮೊದ್ಲೇ ಹೇಳಿದ್ದು ನೀನೇ ತಾನೇ ಮಂಜುಳ? ನಂಗೆ ಕಾಣದ್ದು ನಿಂಗೆ ಎಂಗೆ ಗೊತ್ತಾಯ್ತು?'

ನನ್ನ ಕಾಲು ಮಿಷನ್ನಿನ ಮೇಲೆಯೇ ನಿಂತುಹೋಯಿತು. 'ಏನಂದೆ ಪುಟ್ಟಕ್ಕ?'

'ಒಳ್ಳೇ ಪೀಸು ಬದಲಾಯಿಸಿ ಕಳಪೇದು ಹೊಲಿದುಬುಟ್ಟಿದ್ದೀಯ. ಅದ್ಕೇ ನಿಂಗೆ ಗೊತ್ತಿತ್ತು.'

ಅಯ್ಯೋ ನನ್ನ ಕರ್ಮವೇ! ಒಳ್ಳೆಯದಕ್ಕೆ ಹೇಳಿದ ಮಾತೇ ನನಗೆ ಉರುಳಾಯಿತು. ಬಾಯಿಗೆ ಬಂದಂತೆ ಬೈದೆ. ಮಾದೇವಮ್ಮ ಒಂದು ಸಲ ಅವಳನ್ನು, ಒಂದು ಸಲ ನನ್ನನ್ನು ನೋಡಿ ಸುಮ್ಮನೆ ಹೊರಟುಹೋದಳು. ಆ ಸುಮ್ಮನೆ ಹೋಗಿದ್ದೇ ನನಗೆ ಹೆಚ್ಚು ಸುಟ್ಟಿತು. ನಂಬಿದಳೋ ಏನೋ. ಮಾರನೆಯ ವಾರದಿಂದ ಹೊಲಿಯಲು ಕೊಡುವವರು ಕಡಿಮೆಯಾದರು. ಪೀಸು ತೆಗೆದುಕೊಂಡು, 'ಮನೆ ಹತ್ರಾನೇ ಕೊಡ್ತೀವಿ ಬಿಡಿ' ಎಂದು ನನ್ನ ಮುಖ ನೋಡದೆ ಮೆಟ್ಟಿಲು ಇಳಿಯುವರು. ಇಪ್ಪತ್ತು ವರ್ಷ ಜನರ ಅಳತೆ ತೆಗೆದವಳು ನಾನು. ಒಬ್ಬರ ಒಂದು ಗುಂಡಿಯನ್ನೂ ಇಟ್ಟುಕೊಂಡವಳಲ್ಲ. ನನಗೆ ಉಳಿದಿದ್ದೇ ಆ ಒಳ್ಳೆ ಹೆಸರು.

ಬಿಟ್ಟು ಹೋಗಬಹುದಿತ್ತು. ಹೋದರೆ ಕಳ್ಳಿಯೇ ಹೌದು ಎಂದಾಗುತ್ತದೆಂದು ಹಟಕ್ಕೆ ಅಲ್ಲೇ ಕೂತೆ. ಪುಟ್ಟಕ್ಕ ಬಿಳಿ ಬಟ್ಟೆಯ ಥಾನುಗಳ ಅಂಚಿಗೆ ಗುರುತಿನ ದಾರ ಕಟ್ಟಿದಳು. ನಾನು ಊಟಕ್ಕೆ ಏಳುವಾಗ ನನ್ನ ಬ್ಯಾಗಿನ ಕಡೆ ಅವಳ ಕಣ್ಣು. ನಾನೇನು ಕಮ್ಮಿಯೇ, ನನ್ನ ತಲೆಯಲ್ಲೂ ಹುಳ ಹೊಕ್ಕಿತು. ಅವಳ ಅಣ್ಣನ ಮಗಳು ಶಿವಾನಿ ಆಗಷ್ಟೇ ಹೊಲಿಗೆ ಕ್ಲಾಸು ಮುಗಿಸಿದ್ದಳು. ನನ್ನ ಜಾಗದಲ್ಲಿ ಅವಳನ್ನು ಕೂರಿಸಲು ಇದೆಲ್ಲ ನಾಟಕವಿರಬೇಕು ಎಂದುಕೊಂಡೆ. ಶಿವಾನಿ ಒಂದು ದಿನ ಬಂದು ಮಿಷನ್ನನ್ನು ಮುಟ್ಟಿ 'ಚೆನ್ನಾಗಿದೆ ಅತ್ತೆ' ಎಂದಾಗ ಅವಳ ಕೈ ಕಚ್ಚಬೇಕು ಅನಿಸಿತು.

ಆ ಹೊತ್ತಿನಲ್ಲಿ ಸಂಘಮಿತ್ರ ಬಂದಳು. ಪುಟ್ಟಕ್ಕನ ಒಬ್ಬಳೇ ಮಗಳು, ಗಂಗೋತ್ರಿಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಅವಳ ಕೆಲಸ ಬೆಳಕು ಕೊಡುವ ಹರಳು ಬೆಳೆಸುವುದು. ಅಂಗಡಿಯ ಜಗಳ ಅವಳ ಕಿವಿಗೂ ಬಿದ್ದಿತ್ತು. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಟೀ ಲೋಟದಷ್ಟು ಗಾತ್ರದ ಒಂದು ಡಬ್ಬಿಯನ್ನೂ ಎರಡು ಪುಟ್ಟ ಬಾಟಲಿಗಳನ್ನೂ ತಂದು ಕೌಂಟರಿನ ಮೇಲಿಟ್ಟಳು.

'ಅವ್ವ, ದಿನಾ ಲೈಟು ಸುಳ್ಳು ಹೇಳ್ತದೆ ಅಂತೀಯಲ್ಲ. ನಿಂಗೆ ಅಂತಾನೇ ಒಂದು ಲೈಟು ಮಾಡ್ಕೊಂಡು ಬಂದಿದ್ದೀನಿ. ಕರೆಂಟೂ ಕಮ್ಮಿ, ಬೆಳಕೂ ಸಾಚಾ.'

'ಸೀಸ ಐತಾ ಇದ್ರಲ್ಲಿ?' ಇದು ತಾಯಿಯ ಮೊದಲ ಪ್ರಶ್ನೆ.

'ಇಲ್ಲವ್ವ. ಈ ಜಾತಿ ಹರಳಲ್ಲಿ ಚೆನ್ನಾಗಿ ಬೆಳಗೋವು ಬಹಳ ದಿನ ಸೀಸದವೇ ಇದ್ವು. ನಾನು ಅದು ಬೇಡ ಅಂತಾನೇ ಈ ಕೆಲಸ ಹಿಡಿದಿದ್ದು. ಅಪ್ಪನ್ನ ನೋಡಿಲ್ವಾ ನಾನು? ಇದು ತಾಮ್ರದ್ದು. ತಾಮ್ರ, ಅಯೋಡಿನ್, ಇನ್ನೊಂದು ಲೋಹ. ನಾವು ತಿನ್ನೋ ಉಪ್ಪಿಲ್ವಾ, ದೂರದಲ್ಲಿ ಅದರ ನೆಂಟನೇ.'

'ಸೀಸ ಇಲ್ಲ ಅಂತ ಯಾರು ಹೇಳಿದ್ದು?'

'ನಾನೇ ಮಾಡಿದ್ದು ಕಣವ್ವ!'

'ಸಾಮಾನು ಕೊಟ್ಟೋರು ಏನು ಬೆರೆಸಿದ್ರೋ?'

'ಅದನ್ನೂ ಪರೀಕ್ಷೆ ಮಾಡ್ಸಿದ್ದೀನಿ.'

'ಪರೀಕ್ಷೆ ಮಾಡಿದೋರು ಯಾರು?'

ಸಂಘಮಿತ್ರ ನನ್ನ ಕಡೆ ನೋಡಿದಳು. ನಾನು ತಲೆ ಎತ್ತಲಿಲ್ಲ. ಆ ಮನೆಯವರ ಯಾವ ವಿಷಯಕ್ಕೂ ಬಾಯಿ ಹಾಕಬಾರದು ಎಂದು ತೀರ್ಮಾನಿಸಿದ್ದೆ.

ಅವಳು ಶಟರ್ ಅರ್ಧ ಎಳೆದಳು, ಟ್ಯೂಬು ಆರಿಸಿದಳು. ಬಾಟಲಿಗಳಲ್ಲಿ ಇದ್ದದ್ದು ಹರಳುಗಳನ್ನು ಅರೆದ ಪುಡಿ. ಬರಿಗಣ್ಣಿಗೆ ಎರಡೂ ಒಂದೇ ರೀತಿ, ಮೈದಾ ಹಿಟ್ಟಿನ ಹಾಗೆ. ಡಬ್ಬಿಯ ತಳದಲ್ಲಿ ಕಣ್ಣಿಗೆ ಕಾಣದ ಬೆಳಕು ಕೊಡುವ ಒಂದು ಪುಟ್ಟ ದೀಪ, ಮೇಲೆ ಪುಡಿ ಹಚ್ಚಿದ ಗಾಜಿನ ಬಿಲ್ಲೆ, ಅದರ ಮೇಲೆ ಕಣ್ಣಿಗೆ ಏಟು ಬೀಳದಂತೆ ಇನ್ನೊಂದು ಗಾಜು. ಮೊದಲನೆಯ ಪುಡಿಯ ಬಿಲ್ಲೆ ಇಟ್ಟಳು, ನೀಲಿ ಬೆಳಕು ಬಂತು. ಎರಡನೆಯದನ್ನು ಇಟ್ಟಳು, ಹಳದಿ. ನನ್ನ ತೀರ್ಮಾನ ಮರೆತು ನಾನು ಮಿಷನ್ ಬಿಟ್ಟು ಎದ್ದು ಬಂದೆ. ಉಪ್ಪಿನ ನೆಂಟ ಅಷ್ಟು ಚೆಂದ ಬೆಳಗುತ್ತಾನೆಂದು ಯಾರಿಗೆ ಗೊತ್ತಿತ್ತು!

'ನೀಲೀದು ಮಂಕು' ಎಂದಳು ಪುಟ್ಟಕ್ಕ, ಎಡಗಣ್ಣು ಮುಚ್ಚಿಕೊಂಡು. 'ಹಳದೀದು ಪರವಾಗಿಲ್ಲ.'

ನನಗೆ ನೀಲಿ ಕಣ್ಣು ಕುಕ್ಕುವ ಹಾಗೆ ಕಂಡಿತ್ತು. ಸಂಘಮಿತ್ರ ಹುಬ್ಬು ಗಂಟಿಕ್ಕಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

'ಎರಡೂ ಬೆರೆಸಿದ್ರೆ ಬಿಳಿ ಬರ್ತದೆ ಅವ್ವ. ಎಷ್ಟಕ್ಕೆ ಎಷ್ಟು ಅಂತ ನಮ್ ಲ್ಯಾಬಲ್ಲಿ ಮಿಷನ್ ಹೇಳ್ತದೆ. ಆದ್ರೂ ನಿನ್ ಕಣ್ಣಲ್ಲಿ ಪಾಸಾದ್ರೇ ನಂಗೆ ಸಮಾಧಾನ' ಎಂದು ಮೊದಲೇ ಬೆರೆಸಿ ತಂದಿದ್ದ ಬಿಲ್ಲೆ ಇಟ್ಟಳು. ಬೆಳಗಿನ ಬಿಸಿಲು ಗೋಡೆಗೆ ಬಿದ್ದಂಥ ಬಿಳಿ ಬಂತು. ನನ್ನ ಬಾಯಿಂದ 'ಆಹಾ' ಎಂದು ಹೊರಟೇಹೋಯಿತು.

'ಅರಿಶಿನ ಬಿದ್ದದೆ ಇದ್ರಲ್ಲಿ' ಎಂದಳು ಪುಟ್ಟಕ್ಕ.

ಸಂಘಮಿತ್ರ ಅಲ್ಲೇ ಕೂತು ಬೇರೆ ಬಿಲ್ಲೆಗೆ ನೀಲಿ ಪುಡಿ ಸ್ವಲ್ಪ ಹೆಚ್ಚಿಗೆ ಬೆರೆಸಿ ಹಚ್ಚಿದಳು. 'ಇನ್ನೂ ಅರಿಶಿನ' ಎಂದಳು ತಾಯಿ. ಮತ್ತೆ ನೀಲಿ. 'ಊಂಹೂಂ.' ಮತ್ತಷ್ಟು ನೀಲಿ. ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಅದು ನೀಲಿ ಜಾಸ್ತಿಯಾದ ಬಕೆಟ್ಟಿನಿಂದ ಎತ್ತಿದ ಪಂಚೆಯ ಬಣ್ಣವಾಗಿತ್ತು. ನಮ್ಮ ಕೈ, ಮುಖ, ಕೌಂಟರು ಎಲ್ಲ ನೀಲಿ. ಪುಟ್ಟಕ್ಕ ಒಂದು ಪೀಸನ್ನು ಅದರ ಕೆಳಗೆ ಹಿಡಿದು ಬಲಗಣ್ಣಿಂದ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು.

'ಈಗ ನೋಡು. ಇದು ಬಿಳಿ.'

ಸಂಘಮಿತ್ರ ತಾಯಿಯನ್ನೇ ನೋಡುತ್ತಿದ್ದಳು. ನನಗೆ ಅನುಪಮಾಳ ಬ್ಲೌಸು ಕಣ್ಣ ಮುಂದೆ ಬಂತು. ಇಷ್ಟು ದಿನ ನಾನು ಕಳ್ಳಿಯಾಗಿದ್ದು ಇದಕ್ಕಾ?

'ಅವ್ವ, ಇದು ನೀಲಿ' ಎಂದಳು ಸಂಘಮಿತ್ರ ಮೆಲ್ಲಗೆ.

'ಏನು ನೀಲಿ?'

'ಪೂರ್ತಿ ನೀಲಿ ಪುಟ್ಟಕ್ಕ' ಎಂದೆ ನಾನು.

'ನೀನು ಸುಮ್ಕಿರು. ನಿಂಗೆ ಎಲ್ಲಾ ನೀಲೀನೇ.' ಶಟರ್ ಅಡಿಯಿಂದ ಬಗ್ಗಿ, ರಸ್ತೆಯಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ಹೂವಿನ ರಮಾಮಣಿಯನ್ನು ಕೂಗಿದಳು. 'ಬಾರೇ ಇಲ್ಲಿ! ಈ ಲೈಟು ಯಾವ ಬಣ್ಣ ಹೇಳು. ಇವರ ಮುಖ ನೋಡ್ಬೇಡ, ಲೈಟು ನೋಡಿ ಹೇಳು.'

ರಮಾಮಣಿ ಬುಟ್ಟಿ ಇಳಿಸಿ ಇಣುಕಿದಳು. 'ನೀಲಿ ಕಣಕ್ಕ. ಯಾಕೆ, ಆರ್ಕೆಸ್ಟ್ರಾ ಇಟ್ಟಿದ್ದೀರಾ?'

ಪುಟ್ಟಕ್ಕ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. 'ಓಹೋ! ಎಲ್ಲಾ ಸೇರ್ಕೊಂಡಿದ್ದೀರಿ. ಮಂಜುಳ, ನನ್ ಮಗಳಿಗೂ ಹೇಳ್ಕೊಟ್ಟಿದ್ದೀಯಾ? ಇವಳಿಗೂ ಹೇಳ್ಕೊಟ್ಟಿದ್ದೀಯಾ? ನನ್ನ ಹುಚ್ಚಿ ಮಾಡಿ ಅಂಗಡಿ ಹೊಡ್ಕೊಳ್ಳೋಕೆ ನೋಡ್ತಿದ್ದೀಯಾ?'

ಆಗ ನನಗೆ ತಲೆ ಕೆಟ್ಟಿತು. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಬಂತು. ಕೌಂಟರಿನ ಒಳಗೆ ನುಗ್ಗಿ, ಎಡಗೈಯಲ್ಲಿ ಅವಳ ತಲೆ ಹಿಡಿದು, ಬಲಗೈ ಅಂಗೈಯನ್ನು ಅವಳ ಬಲಗಣ್ಣಿನ ಮೇಲೆ ಒತ್ತಿಬಿಟ್ಟೆ.

'ಮುಚ್ಚಿಟ್ಟಿದ್ದೀಯಲ್ಲ, ಆ ಎಡಗಣ್ಣು ಬಿಡು! ಬಿಟ್ಟು ನೋಡು! ನಿನ್ ಕಣ್ಣು ಬಿಟ್ಟು ಬೇರೆ ಯಾರನ್ನೂ ನಂಬಲ್ಲ ಅಲ್ವಾ? ಅದೂ ನಿನ್ನದೇ ಕಣ್ಣು. ಹೇಳು, ಯಾವ ಬಣ್ಣ?'

ಕೊಸರಾಡಿದಳು. ಆಮೇಲೆ ಕೊಸರಾಟ ನಿಂತಿತು. ನನ್ನ ಅಂಗೈ ಕೆಳಗೆ ಅವಳ ರೆಪ್ಪೆ ಬಡಿದುಕೊಳ್ಳುತ್ತಿತ್ತು. ಅವಳು ನನ್ನ ಕೈಯನ್ನು ಮೆಲ್ಲಗೆ ತೆಗೆದು, ತಾನೇ ತನ್ನ ಕೈಯಿಂದ ಬಲಗಣ್ಣು ಮುಚ್ಚಿಕೊಂಡಳು. ತೆಗೆದಳು, ಎಡಗಣ್ಣು ಮುಚ್ಚಿಕೊಂಡಳು. ಮತ್ತೆ ಬಲಗಣ್ಣು. ಎಷ್ಟು ಸಲ ಹಾಗೆ ಮಾಡಿದಳೋ. ಡಬ್ಬಿಯ ಬೆಳಕು ಬದಲಾಗುತ್ತಿರಲಿಲ್ಲ, ಬದಲಾಗುತ್ತಿದ್ದುದು ಅವಳ ಮುಖ.

'ನೀಲಿ' ಎಂದಳು ಕಡೆಗೆ. ಕೆಳಗಿದ್ದ ಮಣೆಯ ಮೇಲೆ ಕೂತಳು. 'ಎಲ್ಲಾ ಹೋಗಿ ಹೊರಗೆ.'

ಕಣ್ಣಿನ ಡಾಕ್ಟರು ಪೊರೆ ಎಂದರು. ಎರಡೂ ಕಣ್ಣಿನಲ್ಲಿ ಇದೆ, ಬಲಗಣ್ಣಿನಲ್ಲಿ ಬಲಿತು ಕಂದು ತಿರುಗಿದೆ, ಅದು ನೀಲಿಯನ್ನು ಒಳಗೆ ಬಿಡದೆ ತಡೆಯುತ್ತದೆ, ನಿಧಾನವಾಗಿ ಆಗಿದ್ದರಿಂದ ಗೊತ್ತಾಗಿಲ್ಲ ಎಂದರು. ಸಂಘಮಿತ್ರ ಬಂದು ಹೇಳಿದಳು. ಆಪರೇಷನ್ನಿಗೆ ಮುಂಚೆ, ಹಾಕುವ ಲೆನ್ಸನ್ನು ಬಿಚ್ಚಿ ತೋರಿಸಿ, ಹಳೆಯದಿರಬಹುದು ಎಂದು ಪುಟ್ಟಕ್ಕ ಆಸ್ಪತ್ರೆಯಲ್ಲಿ ಪಟ್ಟು ಹಿಡಿದಳಂತೆ. 'ಮುಟ್ಟಿದ್ರೆ ಕೆಡ್ತದೆ ಅಮ್ಮ' ಎಂದು ನರ್ಸು ಕೈಮುಗಿದಳಂತೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾನು ಒಂದು ಮಾತಿಗೆ ಕಾಯುತ್ತಿದ್ದೆ.

ಆ ಮಾತು ಬರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದಳು. ಥಾನುಗಳಿಗೆ ಕಟ್ಟಿದ್ದ ದಾರಗಳನ್ನು ಬಿಚ್ಚಿದಳು. 'ಟೀ ತರಿಸ್ಲಾ?' ಎಂದು ಗೋಡೆಗೆ ಕೇಳುವಳು. ನಾನೂ ಗೋಡೆಗೇ 'ಬೇಡ' ಎನ್ನುವೆ. ಸಂಘಮಿತ್ರ ತಾನು ಮೊದಲೇ ಬೆರೆಸಿ ತಂದಿದ್ದ ಬಿಲ್ಲೆಯನ್ನೇ ಹಾಕಿ ಕೌಂಟರಿನ ಮೇಲೆ ಆ ಬಿಳಿ ದೀಪ ಇಟ್ಟು ಹೋಗಿದ್ದಳು. ಅದು ನಮ್ಮಿಬ್ಬರ ನಡುವೆ ತಣ್ಣಗೆ ಬೆಳಗುತ್ತಿತ್ತು. ಮುದುಕಿಗೆ ಎಷ್ಟು ಜಂಬ, ಒಂದು ತಪ್ಪಾಯ್ತು ಅನ್ನಲು ಬಾಯಿ ಬರುವುದಿಲ್ಲವಲ್ಲ ಎಂದು ಒಳಗೇ ಕುದಿದೆ. ಇನ್ನೂ ನನ್ನ ಮೇಲೆ ಅನುಮಾನ ಹೋಗಿಲ್ಲವೇನೋ ಎಂದೂ ಅನಿಸಿತು. ಮಿಷನ್ನನ್ನು ಆಟೋದಲ್ಲಿ ಮನೆಗೆ ಸಾಗಿಸುವುದೆಂದು ಯಜಮಾನರಿಗೆ ಹೇಳಿಯೂ ಆಯಿತು.

ಆಗ ಒಂದು ಮಧ್ಯಾಹ್ನ ಮಾದೇವಮ್ಮ ಚೀಲದ ತುಂಬ ಬಟ್ಟೆ ತಂದು ನನ್ನ ಮಿಷನ್ನಿನ ಮೇಲೆ ಸುರಿದಳು. ಪುಟ್ಟಕ್ಕ ಒಳಗಿನ ಕೋಣೆಯಲ್ಲಿದ್ದಳು.

'ಮನಸ್ಸಲ್ಲಿ ಇಟ್ಕೋಬೇಡ ಮಂಜುಳಮ್ಮ' ಎಂದಳು ಮಾದೇವಮ್ಮ. 'ಅವಳು ಬಂದಿದ್ಲು ಮನೆಗೆ. ಆಪರೇಷನ್ ಆದ ಮೂರನೇ ದಿನವೇ, ಬಿಸಿಲಲ್ಲಿ, ಆ ಕನ್ನಡಕ ಹಾಕ್ಕೊಂಡು. ಕೂತ್ಕೋ ಅಂದ್ರೆ ಕೂರ್ಲಿಲ್ಲ. ಅಕ್ಕಪಕ್ಕದೋರ್ನೆಲ್ಲ ಕರೀ ಅಂದ್ಲು. ಎಲ್ರ ಮುಂದೆ ನಿಂತು, "ಕಣ್ಣು ನಂದು ಕೆಟ್ಟಿತ್ತು, ಬಾಯಿನೂ ನಂದೇ ಕೆಟ್ಟಿದ್ದು, ಮಂಜುಳ ನಿಮ್ ಬಟ್ಟೇದು ಒಂದು ಎಳೆ ದಾರಾನೂ ತಗೊಂಡಿಲ್ಲ" ಅಂದ್ಲು. ನಮ್ ಬೀದಿ ಮುಗಿಸಿ ಮುಂದಿನ ಬೀದಿಗೂ ಹೋದ್ಲಂತೆ. ನಿಂಗೆ ಹೇಳಿಲ್ವಾ?'

ಮಾದೇವಮ್ಮ ಹೋದ ಮೇಲೆ ನಾನು ಒಳಗೆ ಹೋದೆ. ಪುಟ್ಟಕ್ಕ ಬೆನ್ನು ಮಾಡಿ ನಿಂತು, ಮಡಿಸಿದ್ದ ಪೀಸನ್ನೇ ಮತ್ತೆ ಮಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

'ಊರಿಗೆಲ್ಲ ಹೇಳಿದ್ದೀಯ' ಎಂದೆ. 'ನನಗೆ? ನನಗೆ ಹೇಳೋಕೆ ಏನಾಗಿತ್ತು ನಿಂಗೆ?'

ಅವಳು ತಿರುಗಲಿಲ್ಲ. 'ನಿನ್ ಮುಖ ನೋಡೋಕಾಯ್ತಿಲ್ಲ ಕಣೇ.'

'ಯಾಕೆ?'

'ಆವತ್ತು ಕಳ್ಳಿ ಅಂದಾಗ ನಿನ್ ಮುಖ ಎಂಗಾಯ್ತು ಅಂತ ನಂಗೆ ಕಾಣ್ಲೇ ಇಲ್ಲ ಮಂಜುಳ. ಎಲ್ಲಾ ಮಸುಕು ಮಸುಕು. ಅದ್ಕೇ ಅಷ್ಟು ಸಲೀಸಾಗಿ ಅಂದುಬುಟ್ಟೆ. ಈಗ ಎಲ್ಲಾ ಕಾಣ್ತದೆ. ಒಂದೊಂದು ಗೆರೆನೂ ಕಾಣ್ತದೆ.'

ನಾನು ಅವಳ ಭುಜ ಹಿಡಿದು ತಿರುಗಿಸಿದೆ. ಕಪ್ಪು ಕನ್ನಡಕ ತೆಗೆದೆ. ಗದ್ದ ಹಿಡಿದು ಅವಳ ಮುಖವನ್ನು ನನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡೆ.

'ನೋಡು' ಎಂದೆ. 'ಚೆನ್ನಾಗಿ ನೋಡು.'

ಅವಳು ಎರಡೂ ಕಣ್ಣು ಬಿಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿನಿಂದ ನನ್ನ ಕಣ್ಣಿನ ಕೆಳಗೆ ಮುಟ್ಟಿದಳು.

'ಎಷ್ಟು ಕಪ್ಪಾಗಿದೆಯಲ್ಲೇ ಇಲ್ಲೆಲ್ಲ. ನಿದ್ದೆನೇ ಮಾಡಿಲ್ವಾ? ಇದೆಲ್ಲಾ ನಾನು ಮಾಡಿದ್ದಾ?'

'ಹೂಂ, ನೀನೇ' ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಲು ಮನಸ್ಸು ಬರಲಿಲ್ಲ. ಅವಳು ಅಳತೊಡಗಿದಳು, ಮುಖ ತಿರುಗಿಸಲು ನೋಡಿದಳು. ನಾನು ಗದ್ದ ಬಿಡಲಿಲ್ಲ.